ಕಲ್ಲು, ಕಳ್ಳು ಮತ್ತು ವಿಟ್ಗೆನ್‌ಸ್ಟೈನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯ ಕನ್ನಡ ಶಾಲೆಯೊಂದರಲ್ಲಿ 30 ವರ್ಷ ಪಾಠ ಮಾಡಿ ಈಗ ಮನೆಯಲ್ಲಿ ಕೂತವನು. ಅಡಿಕೆ ತೋಟ ನೋಡಿಕೊಂಡು ಸುಮ್ನೆ ಇರಬಹುದಿತ್ತು. ಇರಲಿಲ್ಲ. ನಮ್ಮೂರ ವಾಚನಾಲಯದ ಜಗಲಿಯಲ್ಲಿ ಒಂದು ಭಾನುವಾರ ಸಂಜೆ ನಾಲ್ಕು ಜನ ಸೇರಿದ್ದಾಗ ಬಾಯಿತಪ್ಪಿ ವಿಟ್ಗೆನ್‌ಸ್ಟೈನ್ ಎಂಬ ಹೆಸರು ಹೇಳಿಬಿಟ್ಟೆ. ಅಲ್ಲಿಂದ ಶುರು. ಈಗ ಮದುವೆಮನೆಯಲ್ಲಿ ಊಟಕ್ಕೆ ಕೂತರೂ, ಕುಂಬಳೆಯಲ್ಲಿ ಬಸ್ಸಿಗೆ ಕಾದರೂ ಯಾರಾದರೂ ಒಬ್ಬರು "ಮಾಷ್ಟ್ರೇ, ನಿಮ್ಮ ಆ ಫಿಲಾಸಫರ್ ಉಂಟಲ್ಲ..." ಎಂದು ತೆಗೆಯುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದೇ ಉತ್ತರ ಹೇಳಿ ಹೇಳಿ ಸಾಕಾಯಿತು, ಅದಕ್ಕೆ ಬರೆದು ಹಾಕುತ್ತಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುವುದು.

ಹೆಸರನ್ನು ಹೇಳುವುದು ಹೇಗೆ?

ಜರ್ಮನ್ ಬಾಯಲ್ಲಿ ವಿಟ್ಗೆನ್‌ಶ್ಟೈನ್. ಇಂಗ್ಲಿಷರು ಸ್ಟೈನ್ ಅನ್ನುತ್ತಾರೆ, ನನಗೂ ಅದೇ ರೂಢಿ. ನಾಲಿಗೆ ಹೊರಳದವರು ನಮ್ಮ ಜಗಲಿಯವರ ಹಾಗೆ "ವಿಟ್ಟಣ್ಣ" ಅನ್ನಿ, ಯಾರೂ ಬೇಜಾರು ಮಾಡುವುದಿಲ್ಲ. ಮತ್ತೆ, ಅವನಿಗೆ ಬಹುವಚನ ಕೊಡುವುದಿಲ್ಲ ಯಾಕೆ ಎಂದು ಒಬ್ಬರು ಕೇಳಿದರು. ಕುಮಾರವ್ಯಾಸ ಹೇಳಿದ, ಪಂಪ ಬರೆದ ಅನ್ನುತ್ತೇವಲ್ಲ, ಹಾಗೆ.

ಯಾರಿವನು? ಚುಟುಕಾಗಿ ಹೇಳಿ.

ಚುಟುಕಾಗಿ ಕಷ್ಟ. 1889ರ ಏಪ್ರಿಲ್ 26ರಂದು ವಿಯೆನ್ನಾದಲ್ಲಿ ಹುಟ್ಟಿದ. ಅಪ್ಪ ಕಾರ್ಲ್ ಉಕ್ಕಿನ ದೊಡ್ಡ ಉದ್ಯಮಿ, ಆಸ್ಟ್ರಿಯಾದ ಭಾರೀ ಸಿರಿವಂತರಲ್ಲಿ ಒಬ್ಬ. ಎಂಟು ಮಕ್ಕಳಲ್ಲಿ ಇವನೇ ಕಿರಿಯ. ಮನೆ ತುಂಬ ಸಂಗೀತ, ಮನೆ ತುಂಬ ದುಃಖ. ಅಣ್ಣಂದಿರಲ್ಲಿ ಮೂವರು ಆತ್ಮಹತ್ಯೆ ಮಾಡಿಕೊಂಡರು. ಇನ್ನೊಬ್ಬ ಅಣ್ಣ ಪೌಲ್ ಪಿಯಾನೋ ವಾದಕ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ, ಆಮೇಲೆ ಎಡಗೈಯಲ್ಲೇ ನುಡಿಸಿದ. ರವೆಲ್ ಎಂಬ ಫ್ರೆಂಚ್ ಸಂಗೀತಗಾರ ಎಡಗೈಗೆ ಮಾತ್ರ ಅಂತ ಬರೆದ ಕೃತಿ ಇವನಿಗಾಗಿಯೇ ಬರೆದದ್ದು.

ನಮ್ಮ ವಿಟ್ಟಣ್ಣ ಓದಿದ್ದು ಇಂಜಿನಿಯರಿಂಗ್. ಮೊದಲು ಬರ್ಲಿನ್, 1908ರಿಂದ ಮ್ಯಾಂಚೆಸ್ಟರ್. ಅಲ್ಲಿ ವಿಮಾನದ ಪ್ರೊಪೆಲ್ಲರ್ ಮೇಲೆ ಕೆಲಸ ಮಾಡುತ್ತಿದ್ದವನಿಗೆ ಲೆಕ್ಕ ಬೇಕಾಯಿತು, ಲೆಕ್ಕದಿಂದ ಲೆಕ್ಕದ ಬುಡ ಯಾವುದು ಎಂಬ ಪ್ರಶ್ನೆಗೆ ಹೋದ, ಬುಡ ಹುಡುಕುತ್ತಾ ಜರ್ಮನಿಯಲ್ಲಿ ಫ್ರೇಗೆ ಎಂಬ ತರ್ಕಪಂಡಿತನ ಮನೆ ಬಾಗಿಲಿಗೆ ಹೋದ, ಅಲ್ಲಿಂದ 1911ರಲ್ಲಿ ಕೇಂಬ್ರಿಜ್‌ಗೆ, ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಹತ್ತಿರ. ತೋಟದ ಪಂಪು ಯಾಕೆ ಕೆಟ್ಟಿತು ಎಂದು ನೋಡಲು ಹೋದವನು ನೀರು ಅಂದರೆ ಏನು ಎಂದು ಯೋಚಿಸಿಕೊಂಡು ಕೂತ ಹಾಗೆ. ಅಂಥ ಜನ ನಮ್ಮಲ್ಲೂ ಇದ್ದಾರೆ, ಆದರೆ ಅವರ ತೋಟ ಒಣಗುತ್ತದೆ.

ಅಪ್ಪನ ಆಸ್ತಿ ಎಂತ ಆಯಿತು?

ನಮ್ಮ ಕಡೆ ಎಲ್ಲರೂ ಕೇಳುವ ಮೊದಲ ಗಟ್ಟಿ ಪ್ರಶ್ನೆ ಇದೇ! 1913ರಲ್ಲಿ ಅಪ್ಪ ತೀರಿಕೊಂಡ. ಮರುವರ್ಷ ತನಗೆ ಬಂದದ್ದರಲ್ಲಿ 1,00,000 ಕ್ರೌನ್ ತೆಗೆದು ಕಷ್ಟದಲ್ಲಿದ್ದ ಬರಹಗಾರರಿಗೆ, ಕಲಾವಿದರಿಗೆ ಹಂಚಲು ಕೊಟ್ಟ. ರಿಲ್ಕೆ, ಟ್ರಾಕಲ್ ಎಂಬ ಕವಿಗಳಿಗೂ ಅದರಲ್ಲಿ ಪಾಲು ಹೋಯಿತು. ಯುದ್ಧ ಮುಗಿಸಿ 1919ರಲ್ಲಿ ಮನೆಗೆ ಬಂದವನು ಉಳಿದ ಅಷ್ಟನ್ನೂ ಒಡಹುಟ್ಟಿದವರ ಹೆಸರಿಗೆ ಬರೆದುಕೊಟ್ಟ. ಬಡವರಿಗೆ ಯಾಕೆ ಕೊಡಲಿಲ್ಲ ಎಂದರೆ, ದುಡ್ಡು ಮನುಷ್ಯರನ್ನು ಕೆಡಿಸುತ್ತದೆ, ಇವರ ಹತ್ತಿರ ಹೇಗೂ ಬೇಕಾದಷ್ಟು ಉಂಟು, ಹೊಸದಾಗಿ ಕೆಡಲು ಏನೂ ಇಲ್ಲ ಎಂಬುದು ಅವನ ಲೆಕ್ಕವಾಗಿತ್ತಂತೆ. ಭಾಗಪತ್ರಕ್ಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ನಮ್ಮೂರಲ್ಲಿ ಇದನ್ನು ಹೇಳಿದಾಗ ಒಬ್ಬರು ಎದ್ದೇ ಹೋದರು.

ಹಿಟ್ಲರ್ ಜತೆ ಒಂದೇ ಶಾಲೆಯಲ್ಲಿ ಓದಿದ್ದು ನಿಜವಾ?

ಹೌದು, ಲಿಂಟ್ಸ್ ಊರಿನ ಶಾಲೆ. ಇಬ್ಬರ ಹುಟ್ಟುಹಬ್ಬಕ್ಕೆ ಆರೇ ದಿನದ ವ್ಯತ್ಯಾಸ. ಒಂದು ವರ್ಷ ಇಬ್ಬರೂ ಅಲ್ಲಿದ್ದರು, ಆದರೆ ಬೇರೆ ಬೇರೆ ತರಗತಿಯಲ್ಲಿ. ಮಾತಾಡಿದ್ದಕ್ಕೆ ಆಧಾರ ಇಲ್ಲ. ಮುಂದಿನ ಪ್ರಶ್ನೆ.

ಮೊದಲನೇ ಪುಸ್ತಕದಲ್ಲಿ ಎಂತ ಉಂಟು?

ಹೆಸರು 'ಟ್ರಾಕ್ಟಾಟಸ್'. ಬರೆದದ್ದು ಯುದ್ಧದಲ್ಲಿ, ಸೈನಿಕನಾಗಿದ್ದುಕೊಂಡು, ನೋಟ್ ಪುಸ್ತಕದಲ್ಲಿ. 1918ರಲ್ಲಿ ಮುಗಿಸಿದ, ಆಮೇಲೆ ಇಟಲಿಯವರ ಕೈಗೆ ಸೆರೆ ಸಿಕ್ಕಿದ. ಜರ್ಮನ್‌ನಲ್ಲಿ 1921ರಲ್ಲಿ, ಇಂಗ್ಲಿಷ್ ಜತೆಗೆ 1922ರಲ್ಲಿ ಅಚ್ಚಾಯಿತು. ತೆಳ್ಳಗಿನ ಪುಸ್ತಕ. ಏಳು ಮುಖ್ಯ ವಾಕ್ಯಗಳು, ಅವಕ್ಕೆ ದಶಾಂಶ ನಂಬರು ಹಾಕಿದ ಕಿಳ್ಳೆ ವಾಕ್ಯಗಳು. ನೋಡಿದರೆ ಸರಕಾರಿ ಸುತ್ತೋಲೆ ಥರ ಕಾಣುತ್ತದೆ.

ಹೂರಣ ಏನೆಂದರೆ ವಾಕ್ಯ ಒಂದು ಚಿತ್ರ. ಪ್ಯಾರಿಸ್ ಕೋರ್ಟೊಂದರಲ್ಲಿ ರಸ್ತೆ ಅಪಘಾತ ಹೇಗಾಯಿತು ಎಂದು ತೋರಿಸಲು ಆಟಿಕೆ ಕಾರು, ಗೊಂಬೆಗಳನ್ನು ಇಟ್ಟಿದ್ದರು ಎಂದು ಅವನು ಪತ್ರಿಕೆಯಲ್ಲಿ ಓದಿದ್ದ. ಗೊಂಬೆ ಮನುಷ್ಯನ ಬದಲಿಗೆ, ಆಟಿಕೆ ಕಾರು ನಿಜವಾದ ಕಾರಿನ ಬದಲಿಗೆ, ಅವು ಇರುವ ಜಾಗ ರಸ್ತೆಯಲ್ಲಿ ಆದದ್ದರ ಬದಲಿಗೆ. ಮಾತೂ ಹಾಗೇ ಅಲ್ವಾ ಎಂದು ಹೊಳೆಯಿತು. "ಬೆಕ್ಕು ಅಟ್ಟದ ಮೇಲೆ ಉಂಟು" ಎನ್ನುವಾಗ ಬೆಕ್ಕಿಗೆ ಒಂದು ಪದ, ಅಟ್ಟಕ್ಕೆ ಒಂದು ಪದ, ಅವುಗಳ ಜೋಡಣೆ ಲೋಕದ ಜೋಡಣೆಗೆ ಹೊಂದಿದರೆ ಮಾತು ನಿಜ, ಇಲ್ಲದಿದ್ದರೆ ಸುಳ್ಳು. ಕೇಳಲು ಚೆನ್ನಾಗಿದೆ. "ಅಯ್ಯೋ ದೇವರೇ" ಎನ್ನುವುದು ಯಾವುದರ ಚಿತ್ರ ಎಂದು ಕೇಳಿದರೆ ಮಾತ್ರ ಕಷ್ಟ. ಆ ಕಷ್ಟ ಅವನಿಗೇ ಮುಂದೆ ಬಂತು.

"ಮಾತಾಡಲು ಬಾರದ ಕಡೆ ಮೌನವಾಗಿರಬೇಕು" ಅಂತ ಸ್ಟೇಟಸ್ ಹಾಕುತ್ತಾರಲ್ಲ, ಅದು ಇವನದ್ದಾ?

ಇವನದ್ದೇ, ಆ ಪುಸ್ತಕದ ಕೊನೆಯ ಸಾಲು. ಆದರೆ ಹಾಕುವವರು ಅದನ್ನು "ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯ ತಮ್ಮನ ಹಾಗೆ ಬಳಸುತ್ತಾರೆ, ಹೆಂಡತಿ ಹತ್ತಿರ ಬೈಸಿಕೊಂಡ ದಿನ ಹಾಕುತ್ತಾರೆ. ಅವನು ಹೇಳಿದ್ದು ಅದಲ್ಲ. ವಾಕ್ಯ ಲೋಕದ ಚಿತ್ರ ಆದರೆ, ಲೋಕದಲ್ಲಿ ಒಂದು ವಸ್ತುವಿನ ಹಾಗೆ ಸಿಗದ ವಿಷಯಗಳು, ಒಳ್ಳೆಯದು ಅಂದರೆ ಏನು, ಬದುಕಿಗೆ ಅರ್ಥ ಉಂಟಾ, ದೇವರು, ಇವುಗಳ ಚಿತ್ರ ಬಿಡಿಸಲು ಆಗುವುದಿಲ್ಲ. ಅವು ಬೇಡದ ವಿಷಯ ಅಂತಲ್ಲ. ಅವೇ ದೊಡ್ಡವು, ಅದಕ್ಕೇ ಸುಮ್ಮನಿರು. ಅದಕ್ಕೆ ಸ್ವಲ್ಪ ಮೊದಲು ಇನ್ನೊಂದು ಮಾತು ಉಂಟು. ನನ್ನ ವಾಕ್ಯಗಳು ಏಣಿ ಇದ್ದ ಹಾಗೆ, ಹತ್ತಿದ ಮೇಲೆ ಏಣಿಯನ್ನು ಎಸೆಯಬೇಕು ಅಂತ. ಅಡಿಕೆ ಕೊಯ್ಯುವವರಿಗೆ ಈ ಹೋಲಿಕೆ ಸ್ವಲ್ಪವೂ ಇಷ್ಟ ಆಗಲಿಲ್ಲ. ಇಳಿಯುವುದು ಹೇಗೆ?

ಅವನು ಶಾಲೆ ಮಾಷ್ಟ್ರಾಗಿದ್ದ ಅಂತ ಹೇಳಿದಿರಿ. ನಿಜವಾ?

ಇಲ್ಲಿ ಸ್ವಲ್ಪ ಕೂತು ಮಾತಾಡುವ. ತತ್ವಶಾಸ್ತ್ರದ ಸಮಸ್ಯೆಗಳೆಲ್ಲ ಮುಗಿದವು ಎಂದು ಮುನ್ನುಡಿಯಲ್ಲಿ ಬರೆದ ಮೇಲೆ ಕೆಲಸ ಏನು ಉಳಿಯಿತು? ಮಾಷ್ಟ್ರ ತರಬೇತಿಗೆ ಸೇರಿದ. 1920ರಿಂದ 1926ರ ತನಕ ಆಸ್ಟ್ರಿಯಾದ ಬೆಟ್ಟದ ಹಳ್ಳಿಗಳಲ್ಲಿ, ಟ್ರಾಟೆನ್‌ಬಾಖ್, ಪುಖ್‌ಬೆರ್ಗ್, ಓಟರ್ಟಾಲ್ ಎಂಬಲ್ಲೆಲ್ಲ, ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಲಿಸಿದ. ಸತ್ತ ಬೆಕ್ಕಿನ ಎಲುಬು ಜೋಡಿಸಿ ಅಸ್ಥಿಪಂಜರ ಮಾಡಿಸಿದ. ಮಕ್ಕಳನ್ನು ವಿಯೆನ್ನಾಕ್ಕೆ ಕರೆದುಕೊಂಡು ಹೋಗಿ ಕಟ್ಟಡ, ಯಂತ್ರ ತೋರಿಸಿದ. ಊರಿನ ಕಾರ್ಖಾನೆಯ ಕೆಟ್ಟ ಹಬೆ ಯಂತ್ರವನ್ನು ರಿಪೇರಿ ಮಾಡಿದ ಕಥೆಯೂ ಉಂಟು.

ನನಗೆ ಎಲ್ಲಕ್ಕಿಂತ ಇಷ್ಟ ಆದದ್ದು ಅವನ ನಿಘಂಟು. ಮಕ್ಕಳು ಕಾಗುಣಿತ ತಪ್ಪುತ್ತಾರೆ, ದೊಡ್ಡ ನಿಘಂಟು ಕೊಳ್ಳಲು ಹಳ್ಳಿಯವರ ಹತ್ತಿರ ದುಡ್ಡಿಲ್ಲ. ಮಕ್ಕಳ ಕೈಯಲ್ಲೇ ಪದ ಬರೆಸಿ ಪದಪುಸ್ತಕ ಮಾಡಿಸಿದ. ಆಮೇಲೆ 1926ರಲ್ಲಿ ಪ್ರಾಥಮಿಕ ಶಾಲೆಗಳಿಗೆ ಅಂತ ಸಣ್ಣ ನಿಘಂಟೊಂದನ್ನು ಅಚ್ಚು ಹಾಕಿಸಿದ. ಅದರಲ್ಲಿ ಆ ಕಡೆಯ ಆಡುಮಾತಿನ ಪದಗಳಿಗೂ ಜಾಗ ಕೊಟ್ಟ. ಬದುಕಿರುವಾಗ ಅವನು ಅಚ್ಚು ಹಾಕಿಸಿದ ಪುಸ್ತಕಗಳು ಎರಡೇ, ಒಂದು ಟ್ರಾಕ್ಟಾಟಸ್, ಇನ್ನೊಂದು ಈ ಮಕ್ಕಳ ನಿಘಂಟು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗ ಪ್ರಬಂಧದಲ್ಲಿ "ಹೊಯಿಗೆ" ಎಂದು ಬರೆದದ್ದಕ್ಕೆ ಕೆಂಪು ಗೆರೆ ಎಳೆದು "ಮರಳು" ಎಂದು ತಿದ್ದಿದ್ದೆ. ಅವನ ಅಪ್ಪ ಹೊಳೆಯಿಂದ ಹೊಯಿಗೆ ತೆಗೆಯುವ ಕೆಲಸ ಮಾಡುತ್ತಿದ್ದ. ಮನೆ ನಡೆಯುತ್ತಿದ್ದದ್ದೇ ಆ ಪದದಿಂದ.

ಅವನು ಮಕ್ಕಳಿಗೆ ಹೊಡೆಯುತ್ತಿದ್ದನಂತೆ?

ಹೌದು, ಜಾಸ್ತಿಯೇ. ಕಿವಿ ಹಿಂಡುವುದು, ಕೂದಲು ಎಳೆಯುವುದು, ಲೆಕ್ಕ ಬಾರದ ಹುಡುಗಿಯರಿಗೂ ಪೆಟ್ಟು. 1926ರ ಏಪ್ರಿಲ್‌ನಲ್ಲಿ 11 ವರ್ಷದ ಹುಡುಗನೊಬ್ಬನ ತಲೆಗೆ ಹೊಡೆದ, ಹುಡುಗ ಕುಸಿದು ಬಿದ್ದ. ವಿಚಾರಣೆ ಆಯಿತು. ಅದರಿಂದ ಪಾರಾದರೂ ಅಷ್ಟರಲ್ಲಿ ಅವನೇ ಕೆಲಸ ಬಿಟ್ಟಿದ್ದ, ಮತ್ತೆ ಶಾಲೆಗೆ ಹೋಗಲಿಲ್ಲ. ಸುಮಾರು 10 ವರ್ಷ ಕಳೆದ ಮೇಲೆ ಆ ಹಳ್ಳಿಗೆ ವಾಪಸು ಹೋಗಿ ಮನೆ ಮನೆ ಬಾಗಿಲು ತಟ್ಟಿ ದೊಡ್ಡವರಾಗಿದ್ದ ಆ ಮಕ್ಕಳಲ್ಲಿ ಕ್ಷಮೆ ಕೇಳಿದ. ಕೆಲವರು ಆಯಿತು ಬಿಡಿ ಅಂದರು. ಕಿವಿ ಹಿಂಡಿಸಿಕೊಂಡಿದ್ದ ಒಬ್ಬಳು ಮಾತ್ರ "ಹ್ಞಾಂ, ಹ್ಞಾಂ" ಎಂದಳಷ್ಟೆ, ಮುಖ ಕೊಡಲಿಲ್ಲ. ಅವಳು ಹಾಗೆ ಅಂದದ್ದು ಸರಿ ಎಂದೇ ನನಗೆ ಅನಿಸುತ್ತದೆ.

ಇದನ್ನು ಹೇಳಿದ ದಿನ ಜಗಲಿಯ ಮೂಲೆಯಲ್ಲಿ ಕೂತಿದ್ದ ನನ್ನ ಹಳೆ ವಿದ್ಯಾರ್ಥಿ, ಈಗ ಆಟೋ ಓಡಿಸುತ್ತಾನೆ, "ನೀವು ಮಾಷ್ಟ್ರೇ?" ಎಂದ. ನನ್ನ ಬೆತ್ತದ ರುಚಿ ಅವನಿಗೆ ಗೊತ್ತು. ಆ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಬರೆಯುವುದಲ್ಲ, ಅವನ ಮನೆಗೆ ಹೋಗಿ ಹೇಳುವುದು. ಹೋಗಿ ಬಂದೆ. ಚಾ ಕೊಟ್ಟ.

ಮನೆಯನ್ನೂ ಕಟ್ಟಿದನಾ?

ಕಟ್ಟಿದ. ಶಾಲೆ ಬಿಟ್ಟು ಬಂದವನಿಗೆ ಅಕ್ಕ ಮಾರ್ಗರೆಟ್ ತನ್ನ ಮನೆಯ ಕೆಲಸ ಕೊಟ್ಟಳು. 1926ರಿಂದ 1928, ವಿಯೆನ್ನಾದಲ್ಲಿ. ಬಾಗಿಲಿನ ಹಿಡಿ, ಕಿಟಕಿಯ ಚಿಲಕ ಎಲ್ಲ ಅವನದೇ ವಿನ್ಯಾಸ. ಎಲ್ಲ ಮುಗಿಯುತ್ತ ಬಂದಾಗ ಒಂದು ಕೋಣೆಯ ಮಾಡು ಸರಿಯಿಲ್ಲ ಎಂದು 3 ಸೆಂಟಿಮೀಟರ್ ಎತ್ತರಿಸಿದ. ನಮ್ಮ ಮೇಸ್ತ್ರಿಗಳ ಹತ್ತಿರ ಹೀಗೆ ಹೇಳಿ ನೋಡಿ, ಮರುದಿನ ಬರುವುದಿಲ್ಲ.

ಮುಗಿಯಿತು ಅಂದವನು ಮತ್ತೆ ಯಾಕೆ ಶುರು ಮಾಡಿದ?

1929ರ ಜನವರಿಯಲ್ಲಿ ಕೇಂಬ್ರಿಜ್‌ಗೆ ಮರಳಿದ. ಅರ್ಥಶಾಸ್ತ್ರಜ್ಞ ಕೇನ್ಸ್ ಹೆಂಡತಿಗೆ ಬರೆದ ಕಾಗದದಲ್ಲಿ "ದೇವರು ಬಂದಿಳಿದಿದ್ದಾನೆ, 5:15ರ ರೈಲಿನಲ್ಲಿ ಸಿಕ್ಕಿದ" ಎಂದಿದ್ದಾನೆ. ಅಷ್ಟು ಹೆಸರಾಗಿತ್ತು, ಆದರೆ ಕೈಯಲ್ಲಿ ಡಿಗ್ರಿ ಇರಲಿಲ್ಲ. ಟ್ರಾಕ್ಟಾಟಸ್ಸನ್ನೇ ಪಿಎಚ್‌ಡಿ ಪ್ರಬಂಧ ಅಂತ ಕೊಟ್ಟ. ಪರೀಕ್ಷೆ ಮಾಡಿದವರು ರಸೆಲ್ ಮತ್ತು ಮೂರ್ ಎಂಬ ಇನ್ನೊಬ್ಬ ತತ್ವಜ್ಞಾನಿ. ಕೊನೆಗೆ ಇಬ್ಬರ ಹೆಗಲು ತಟ್ಟಿ "ಚಿಂತೆ ಬೇಡ, ನಿಮಗೆ ಇದು ಯಾವತ್ತೂ ಅರ್ಥ ಆಗುವುದಿಲ್ಲ" ಎಂದನಂತೆ. ನಿಮ್ಮ ವೈವಾದಲ್ಲಿ ಇದನ್ನು ಮಾಡಬೇಡಿ.

ಅಲ್ಲಿ ಇಟಲಿಯ ಸ್ರಾಫಾ ಎಂಬ ಅರ್ಥಶಾಸ್ತ್ರಜ್ಞನ ಜತೆ ವಾದ ನಡೆಯುತ್ತಿತ್ತು. ಒಂದು ದಿನ ಇವನು, ವಾಕ್ಯಕ್ಕೂ ಅದು ಹೇಳುವ ಸಂಗತಿಗೂ ಒಂದೇ ತಾರ್ಕಿಕ ರೂಪ ಇರಲೇಬೇಕು ಎಂದು ಹಠ ಹಿಡಿದ. ಸ್ರಾಫಾ ಬೆರಳ ತುದಿಯಿಂದ ಗಲ್ಲದ ಕೆಳಗೆ ಹೊರಕ್ಕೆ ಸವರಿ ತೋರಿಸಿದ. ನೇಪಲ್ಸ್ ಕಡೆ ತಾತ್ಸಾರಕ್ಕೆ ಮಾಡುವ ಸನ್ನೆ ಅದು. "ಇದರ ತಾರ್ಕಿಕ ರೂಪ ಯಾವುದು?" ಎಂದ. ವಿಟ್ಟಣ್ಣನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಅಜ್ಜಿಯಂದಿರು "ಚ್ಚ್" ಎಂದು ನಾಲಿಗೆ ಬಡಿದು ಕೊಡುವ ಉತ್ತರಕ್ಕೆ ಯಾವ ಚಿತ್ರ ಬಿಡಿಸುತ್ತೀರಿ?

"ಅರ್ಥ ಅಂದರೆ ಬಳಕೆ" ಅಂತ ಹೇಳುತ್ತೀರಲ್ಲ, ಅಂದರೆ ಎಂತ?

ಇದೇ ಅವನ ಎರಡನೇ ಪುಸ್ತಕದ ಜೀವ. 'ಫಿಲಾಸಫಿಕಲ್ ಇನ್ವೆಸ್ಟಿಗೇಷನ್ಸ್', ಅವನು ಸತ್ತ ಮೇಲೆ 1953ರಲ್ಲಿ ಬಂತು. ಪದದ ಅರ್ಥ ಎಂಬುದು ಪದದ ಹಿಂದೆ ನಿಂತ ಒಂದು ವಸ್ತು ಅಲ್ಲ, ತಲೆಯೊಳಗಿನ ಪಟವೂ ಅಲ್ಲ. ಬಹುಪಾಲು ಕಡೆ, ಎಲ್ಲ ಕಡೆ ಅಂತ ಅವನೂ ಹೇಳಲಿಲ್ಲ, ಪದದ ಅರ್ಥ ಎಂದರೆ ಅದನ್ನು ಜನ ಬಳಸುವ ರೀತಿ.

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಬಸ್ಸಲ್ಲಿ ಮಲಯಾಳ, ಮೀನು ತರಲು ಹೋದರೆ ಬ್ಯಾರಿ. ಬೆಳಗ್ಗೆ ಹತ್ತು ಗಂಟೆಯೊಳಗೆ ನಾಲ್ಕು ಸಲ ನಾಲಿಗೆ ಬದಲಾಗುತ್ತದೆ. ಒಂದೇ ಸದ್ದು ಒಂದು ಬಾಯಲ್ಲಿ ಒಂದು, ಇನ್ನೊಂದು ಬಾಯಲ್ಲಿ ಇನ್ನೊಂದು. ನಮಗೆ ಪಟ್ಟಿ ಅಂದರೆ ಲಿಸ್ಟ್, ಮಲಯಾಳದಲ್ಲಿ ನಾಯಿ. ನಮ್ಮ ಸಂಸಾರ ಹೆಂಡತಿ ಮಕ್ಕಳು, ಅವರ ಸಂಸಾರ ಮಾತುಕತೆ. ಅವರು ರಸ್ತೆ "ಮೋಶಂ" ಎಂದರೆ ಕೆಟ್ಟಿದೆ ಅಂತ. ನಮ್ಮ ಕಿವಿಗೆ ರಸ್ತೆ ಮೋಸ ಮಾಡಿದ ಹಾಗೆ ಕೇಳುತ್ತದೆ, ಮಳೆಗಾಲದಲ್ಲಿ ಅದೂ ಸುಳ್ಳಲ್ಲ.

ನಮ್ಮ ಸಂಬಂಧಿಕ ಹುಡುಗನೊಬ್ಬ ವಿಟ್ಲದ ಕಡೆಯಿಂದ ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದಿದ್ದ. ಒಂದು ಆಫೀಸಿಗೆ ಅರ್ಜಿ ಹಿಡಿದುಕೊಂಡು ಹೋದ. ಅಲ್ಲಿದ್ದವರು "ಇಪ್ಪೋಳ್ ಅವಸರಮಿಲ್ಲ" ಎಂದರು. ಮಲಯಾಳದಲ್ಲಿ ಅವಸರ ಎಂದರೆ ಅವಕಾಶ, ಈಗ ಕೆಲಸ ಖಾಲಿ ಇಲ್ಲ ಅಂತ. ಇವನು ಮನೆಗೆ ಬಂದು "ಒಳ್ಳೆಯ ಜನ ಮಾವ, ಅವಸರ ಇಲ್ಲ, ನಿಧಾನಕ್ಕೆ ನೋಡುವ ಅಂದರು" ಎಂದು ಖುಷಿಯಲ್ಲಿ ಹೇಳಿದ. ಎರಡು ತಿಂಗಳು ಕಾದ! ಪದ ಸಂಸ್ಕೃತದ್ದು, ಎರಡು ಕಡೆಯೂ ಒಂದೇ, ನಿಘಂಟು ತೆಗೆದು ಮೂಲ ಹುಡುಕಿದರೆ ಏನೂ ಪ್ರಯೋಜನ ಇಲ್ಲ. ಆ ಮೇಜಿನ ಹಿಂದೆ ಕೂತವರು ಆ ಪದವನ್ನು ಯಾವ ಕೆಲಸಕ್ಕೆ ಹಚ್ಚುತ್ತಾರೆ ಎಂಬುದು ಗೊತ್ತಿರಬೇಕು.

ಇನ್ನೊಂದು ಉಂಟು, ಇದು ನನ್ನದೇ ಯೋಚನೆ, ಬೇಕಾದರೆ ಜಗಳ ಮಾಡಿ. ತಾಳಮದ್ದಳೆಯಲ್ಲಿ ನಾವು "ಅರ್ಥ ಹೇಳುವುದು" ಅನ್ನುತ್ತೇವೆ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಕೂತಲ್ಲೇ ಅದಕ್ಕೆ ಮಾತು ಕಟ್ಟುತ್ತಾನೆ. ಕೃಷ್ಣ ಸಂಧಾನದ ಪದ್ಯ ಅದೇ, ಆದರೆ ಇವತ್ತಿನ ಕೌರವ ಹೇಳಿದ ಅರ್ಥ ಬೇರೆ, ಕಳೆದ ವರ್ಷದ ಕೌರವನದ್ದು ಬೇರೆ. ನಮ್ಮವರ ಬಾಯಲ್ಲಿ ಅರ್ಥ ಎಂಬುದು ಎಲ್ಲೋ ಇಟ್ಟ ಗಂಟಲ್ಲ. ನಾಲ್ಕು ಜನರ ಎದುರು, ಎದುರಾಳಿಯ ಮಾತಿಗೆ ತಕ್ಕ ಹಾಗೆ, ಆ ಹೊತ್ತಿಗೆ ಮಾಡುವ ಕೆಲಸ. ಇದನ್ನು ಇಷ್ಟು ಸಲೀಸಾಗಿ ಹೇಳುವ ಭಾಷೆ ವಿಟ್ಟಣ್ಣನಿಗೆ ಸಿಕ್ಕಿದ್ದರೆ ಪುಸ್ತಕ ಅರ್ಧದಲ್ಲಿ ಮುಗಿಯುತ್ತಿತ್ತೋ ಏನೋ.

ಭಾಷೆಯಾಟ ಅಂದರೆ?

ಅವನು ಒಂದು ಪುಟ್ಟ ಭಾಷೆ ಕಲ್ಪಿಸುತ್ತಾನೆ. ಒಬ್ಬ ಕಟ್ಟುವವನು, ಒಬ್ಬ ಸಹಾಯಕ. ಪದಗಳು ನಾಲ್ಕೇ, ನಾಲ್ಕು ಬಗೆಯ ಕಟ್ಟಡ ಸಾಮಾನಿನ ಹೆಸರು. ಕಟ್ಟುವವನು ಕೂಗಿದ್ದನ್ನು ಸಹಾಯಕ ತಂದುಕೊಡಬೇಕು. ಅಷ್ಟೇ ಭಾಷೆ.

ನಮ್ಮ ಪಕ್ಕದ ಮನೆ ಕಟ್ಟುವಾಗ ಇದನ್ನು ಕಣ್ಣಾರೆ ನೋಡಿದೆ. ಮೇಸ್ತ್ರಿ ತುಳು ಮಾತಾಡುವವನು, ಸಹಾಯಕ್ಕೆ ಬಂಗಾಳದಿಂದ ಬಂದ ಹುಡುಗ. ಮೊದಲ ದಿನ ಮೇಸ್ತ್ರಿ "ಕಲ್ಲ್!" ಎಂದು ಕೂಗಿದರೆ ಅವನು ಸುತ್ತ ನೋಡುತ್ತಿದ್ದ. ಮೂರನೇ ದಿನ ಕೂಗುವ ಮೊದಲೇ ಕೆಂಪುಕಲ್ಲು ಹೆಗಲ ಮೇಲೆ. ಕಲ್ಲು, ನೀರು, ಹೊಯಿಗೆ, ಸಿಮೆಂಟು, ಇಷ್ಟರಲ್ಲಿ ಗೋಡೆ ಎದ್ದಿತು. "ಕಲ್ಲು" ಎನ್ನುವುದು ಅಲ್ಲಿ ಹೆಸರಾ, ಆಜ್ಞೆಯಾ, "ಒಂದು ಕಲ್ಲು ತಾ" ಎಂಬುದರ ಮೊಟಕು ರೂಪವಾ? ವಿಟ್ಟಣ್ಣ ಕೇಳುವುದು ಇದನ್ನೇ. ಮೊಟಕು ಅಂತ ಯಾಕೆ ಹೇಳಬೇಕು, "ಒಂದು ಕಲ್ಲು ತಾ" ಎಂಬುದೇ "ಕಲ್ಲು" ಎಂಬುದರ ಉದ್ದ ರೂಪ ಯಾಕಾಗಬಾರದು? ಲಕಾರ ಸ್ವಲ್ಪ ಮಡಚಿದರೆ ಅದು ಕಳ್ಳು. ಆ ಆಟ ಸಂಜೆ ಆರರ ನಂತರ, ಬೇರೆ ಜಾಗದಲ್ಲಿ.

ಆಟ ಎಂಬ ಪದವನ್ನೇ ತೆಗೆದುಕೊಳ್ಳಿ. ಎಲ್ಲ ಆಟಗಳಿಗೂ ಸಮಾನವಾದ ಒಂದು ಗುಣ ಹುಡುಕಿ, ಸಿಗುವುದಿಲ್ಲ ಎಂದು ಅವನು ಸವಾಲು ಹಾಕುತ್ತಾನೆ. ಜರ್ಮನ್‌ಗಿಂತ ನಮ್ಮಲ್ಲಿ ಇದು ಇನ್ನೂ ಚೆಂದ. ಕಬಡ್ಡಿ ಆಟ, ಚೆನ್ನೆಮಣೆ ಆಟ, ಇಸ್ಪೀಟು ಆಟ, ಮಗು ಒಬ್ಬನೇ ಕೂತು ಮಣ್ಣಿನಲ್ಲಿ ಆಡುವುದು, ರಾತ್ರಿಯಿಡೀ ಗದ್ದೆಯಲ್ಲಿ ನೋಡುವ ಯಕ್ಷಗಾನವೂ ನಮಗೆ "ಆಟ"ವೇ, ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಅದೇ ದೊಡ್ಡ ಆಟ. ಗೆಲುವು ಸೋಲು ಕೆಲವಕ್ಕೆ ಉಂಟು, ಕೆಲವಕ್ಕೆ ಇಲ್ಲ. ಒಂದು ಮನೆಯ ಮಕ್ಕಳಲ್ಲಿ ಒಬ್ಬನಿಗೆ ಅಜ್ಜನ ಮೂಗು, ಒಬ್ಬಳಿಗೆ ಅತ್ತೆಯ ನಡಿಗೆ, ಇನ್ನೊಬ್ಬನಿಗೆ ಎರಡೂ ಇಲ್ಲ, ಆದರೆ ಸಾಲಾಗಿ ನಿಲ್ಲಿಸಿದರೆ ಆ ಮನೆಯವರೇ ಎಂದು ಗೊತ್ತಾಗುತ್ತದೆ. ಇದಕ್ಕೆ ಅವನು ಕುಟುಂಬ ಹೋಲಿಕೆ ಎಂದ.

ಹಾಗಾದರೆ ಯಾರು ಹೇಗೆ ಬೇಕಾದರೂ ಪದ ಬಳಸಬಹುದಾ?

ಇಲ್ಲಪ್ಪ. ಅರ್ಥಧಾರಿ ಪದ್ಯ ಬಿಟ್ಟು ಎಲ್ಲೆಲ್ಲೋ ಹೋದರೆ ಸಭೆಯಲ್ಲಿ ಗುಸುಗುಸು ಶುರುವಾಗುತ್ತದೆ ಅಲ್ವಾ? ಆಟಕ್ಕೆ ನಿಯಮ ಉಂಟು. ಆದರೆ ನಿಯಮ ಎಲ್ಲಿ ಉಂಟು ಎಂದು ಕೇಳಿದರೆ ವಿಟ್ಟಣ್ಣ ತಲೆ ತಿನ್ನುತ್ತಾನೆ. ಒಬ್ಬ ಹುಡುಗನಿಗೆ ಎರಡೆರಡು ಸೇರಿಸುತ್ತ ಹೋಗು ಅನ್ನುತ್ತೀರಿ. 1000ದ ತನಕ ಸರಿ ಬರೆದು ಆಮೇಲೆ 1004, 1008, 1012 ಎಂದು ಬರೆಯುತ್ತಾನೆ. ಬೈದರೆ "ಮೊದಲಿನ ಹಾಗೇ ಮಾಡಿದೆನಲ್ಲ ಮಾಷ್ಟ್ರೇ" ಅನ್ನುತ್ತಾನೆ. ತಪ್ಪು ಎಂದು ಯಾವ ಸೂತ್ರದಿಂದ ತೋರಿಸುತ್ತೀರಿ? ಸೂತ್ರ ಕೊಟ್ಟರೆ ಅದನ್ನೂ ಅವನದೇ ರೀತಿಯಲ್ಲಿ ಓದಬಹುದು. ಕೊನೆಗೆ ನಿಯಮ ನಿಂತಿರುವುದು ನಾವೆಲ್ಲ ಅದನ್ನು ಹೀಗೇ ಮಾಡುತ್ತ ಬಂದಿದ್ದೇವೆ ಎಂಬ ರೂಢಿಯ ಮೇಲೆ. 30 ವರ್ಷ ಮಗ್ಗಿ ಹೇಳಿಸಿದವನಿಗೆ ಇದನ್ನು ಓದಿ ಒಂದು ರಾತ್ರಿ ನಿದ್ದೆ ಬರಲಿಲ್ಲ.

ನನ್ನ ನೋವು ನನಗೆ ಮಾತ್ರ ಗೊತ್ತು. ಅದಕ್ಕೆ ಅವನು ಎಂತ ಹೇಳುತ್ತಾನೆ?

ಸಣ್ಣವರಿದ್ದಾಗ ಜೀರುಂಡೆ ಹಿಡಿದು ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಇಟ್ಟುಕೊಂಡಿದ್ದೀರಲ್ಲ? ಅವನ ಉದಾಹರಣೆಯೂ ಅದೇ. ಎಲ್ಲರ ಹತ್ತಿರವೂ ಒಂದೊಂದು ಪೆಟ್ಟಿಗೆ ಉಂಟು, ಒಳಗಿನದ್ದಕ್ಕೆ ಎಲ್ಲರೂ ಜೀರುಂಡೆ ಅನ್ನುತ್ತಾರೆ, ಆದರೆ ಬೇರೆಯವರ ಪೆಟ್ಟಿಗೆ ಯಾರೂ ನೋಡುವ ಹಾಗಿಲ್ಲ. ಒಬ್ಬನ ಪೆಟ್ಟಿಗೆ ಖಾಲಿಯೇ ಇರಬಹುದು. ಆದರೂ ಜೀರುಂಡೆ ಎಂಬ ಪದ ಊರಲ್ಲಿ ಓಡಾಡುತ್ತದೆ. ಅಂದ ಮೇಲೆ ಪದದ ಅರ್ಥ ಪೆಟ್ಟಿಗೆಯ ಒಳಗಿನದ್ದರಿಂದ ಬರಲಿಲ್ಲ. ನೋವು ಸುಳ್ಳು ಎಂದಲ್ಲ ಅವನು ಹೇಳುವುದು. ನೋವು ಎಂಬ ಪದವನ್ನು ನಾವು ಒಳಗೆ ನೋಡಿಕೊಂಡು ಕಲಿಯಲಿಲ್ಲ. ಮಂಡಿ ತರಚಿ ಅತ್ತಾಗ ಅಮ್ಮ "ನೋವಾಯ್ತಾ ಮಗಾ" ಎಂದಳು, ಅಳುವಿನ ಜಾಗಕ್ಕೆ ಪದ ಬಂತು.

ನನ್ನ ಅಮ್ಮ ಕೊನೆಗಾಲದಲ್ಲಿ ಆಸ್ಪತ್ರೆಯಲ್ಲಿದ್ದಾಗ "ಬೇನೆ" ಅನ್ನುತ್ತಿದ್ದಳು. ನರ್ಸ್ ಹುಡುಗಿ ಕೋಟ್ಟಯಂ ಕಡೆಯವಳು, ಅವಳಿಗೆ ಆ ಪದ ಗೊತ್ತಿಲ್ಲ. ಆದರೂ ಎರಡನೇ ಸಲಕ್ಕೆ ಗೊತ್ತಾಯಿತು. ಮುಖ ನೋಡಿ ಗೊತ್ತಾಯಿತು.

ಕಬ್ಬಿಣದ ಸಲಾಕೆ ತೆಗೆದು ಹೊಡೆಯಲು ಹೋಗಿದ್ದು?

1946ರ ಅಕ್ಟೋಬರ್ 25, ಕೇಂಬ್ರಿಜ್. ಕಾರ್ಲ್ ಪಾಪರ್ ಎಂಬ ತತ್ವಜ್ಞಾನಿ ಭಾಷಣಕ್ಕೆ ಬಂದಿದ್ದ. ವಾದ ಬಿಸಿಯಾಗಿ ವಿಟ್ಟಣ್ಣ ಒಲೆಯ ಸಲಾಕೆ ಹಿಡಿದು ಆಡಿಸಿದ, ಆಮೇಲೆ ಎದ್ದು ಹೋದ. ನೈತಿಕ ನಿಯಮಕ್ಕೆ ಒಂದು ಉದಾಹರಣೆ ಕೇಳಿದಾಗ, ಅತಿಥಿಗಳನ್ನು ಸಲಾಕೆಯಿಂದ ಹೆದರಿಸಬಾರದು ಎಂದು ತಾನು ಹೇಳಿದೆ ಅಂತ ಪಾಪರ್ ಬರೆದುಕೊಂಡ. ಅಲ್ಲಿದ್ದ ಬೇರೆಯವರು ಹಾಗಲ್ಲ ಅಂದರು. ಕೋಣೆ ತುಂಬ ತತ್ವಜ್ಞಾನಿಗಳು, ಹತ್ತು ನಿಮಿಷದ ಘಟನೆಗೆ ಒಂದೇ ಸಾಕ್ಷಿ ಸಿಗಲಿಲ್ಲ. ಕೋಳಿ ಅಂಕದ ಜಗಳ ಇದಕ್ಕಿಂತ ಸ್ಪಷ್ಟ.

ನಮ್ಮ ದೇಶಕ್ಕೂ ಇವನಿಗೂ ಏನಾದರೂ ಸಂಬಂಧ?

ಭಾರತಕ್ಕೆ ಬಂದವನಲ್ಲ. ಟಾಗೋರರ ಕವಿತೆ ಇಷ್ಟ ಇತ್ತು. ವಿಯೆನ್ನಾದಲ್ಲಿ ತರ್ಕ, ವಿಜ್ಞಾನದ ಪಂಡಿತರು ಟ್ರಾಕ್ಟಾಟಸ್ ಬಗ್ಗೆ ಕೇಳಲು ಕೂತಿದ್ದರೆ ಇವನು ಅವರಿಗೆ ಬೆನ್ನು ಹಾಕಿ ಟಾಗೋರರನ್ನು ಓದುತ್ತಿದ್ದದ್ದುಂಟು. ರಾಮಾನುಜನ್ ಸಿಕ್ಕಿದ್ದರಾ ಎಂದು ಲೆಕ್ಕದ ಮಾಷ್ಟ್ರೊಬ್ಬರು ಕೇಳಿದರು. ಇಲ್ಲ. ಇವನು 1913ರಲ್ಲಿ ಕೇಂಬ್ರಿಜ್ ಬಿಟ್ಟು ನಾರ್ವೆಗೆ ಹೋದ, ರಾಮಾನುಜನ್ ಬಂದದ್ದು 1914ರ ಏಪ್ರಿಲ್‌ನಲ್ಲಿ.

ನಮ್ಮಲ್ಲೂ ಇಂಥವರಿದ್ದರಲ್ಲ ಎನ್ನುವವರಿಗೆ: ಇದ್ದರು. ಭರ್ತೃಹರಿ ಸುಮಾರು 5ನೇ ಶತಮಾನದಲ್ಲಿ 'ವಾಕ್ಯಪದೀಯ'ದಲ್ಲಿ ಅರ್ಥ ಇಡೀ ವಾಕ್ಯದ್ದು, ಪದಗಳನ್ನು ಬಿಡಿಸುವುದು ವ್ಯಾಕರಣದ ಅನುಕೂಲಕ್ಕೆ ಎಂದ. ದೊಡ್ಡ ಮಾತು. ಆದರೆ "ಎಲ್ಲ ನಮ್ಮಲ್ಲೇ ಮೊದಲು ಇತ್ತು" ಎಂದು ಎದೆ ತಟ್ಟುವವರು ಆ ಪುಸ್ತಕದ ಒಂದು ಶ್ಲೋಕ ಹೇಳಲಿ ನೋಡುವ.

ಕಾಸರಗೋಡಿನ ಕನ್ನಡ ಉಳಿಯುತ್ತದಾ? ನಿಮ್ಮ ವಿಟ್ಟಣ್ಣ ಎಂತ ಹೇಳುತ್ತಾನೆ?

ಅವನು ಕಾಸರಗೋಡಿನ ಬಗ್ಗೆ ಏನೂ ಹೇಳಲಿಲ್ಲ, ಹೇಳಿದ ಹಾಗೆ ನಾನೂ ನಟಿಸುವುದಿಲ್ಲ. ಆದರೆ ಅವನ ಒಂದು ಮಾತು ನನ್ನ ತಲೆಯಲ್ಲಿ ಕೂತಿದೆ. ಒಂದು ಭಾಷೆಯನ್ನು ಕಲ್ಪಿಸುವುದು ಎಂದರೆ ಒಂದು ಬದುಕಿನ ರೀತಿಯನ್ನು ಕಲ್ಪಿಸುವುದು.

1956ರ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಊರು ಇದ್ದಲ್ಲೇ ಇತ್ತು, ತೋಟ ಇದ್ದಲ್ಲೇ ಇತ್ತು, ಕಚೇರಿಯ ಮಾತು ನಿಧಾನವಾಗಿ ಬದಲಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಅದು ಕಪಾಟಿನಲ್ಲಿ ಉಂಟು. ನಾವು ಅಲ್ಲಿಂದ ಇಲ್ಲಿಯವರೆಗೆ ಕನ್ನಡ ಉಳಿಸುವುದು ಎಂದರೆ ಪದ ಉಳಿಸುವುದು, ಬೋರ್ಡು ಉಳಿಸುವುದು ಎಂದುಕೊಂಡೆವು. ಬೋರ್ಡು ಬೇಕು, ಅದಕ್ಕೆ ಹೋರಾಡಿದವರಿಗೆ ನನ್ನ ನಮಸ್ಕಾರ ಉಂಟು. ಆದರೆ ಆಟಗಳ ಲೆಕ್ಕ ನಾವು ಇಡಲಿಲ್ಲ. ಬ್ಯಾಂಕಿನಲ್ಲಿ ಚಲನ್ ತುಂಬುವ ಆಟ, ಪಂಚಾಯತಿನಲ್ಲಿ ಜಗಳವಾಡುವ ಆಟ, ಮಗು ಫೋನಿನಲ್ಲಿ ಗೆಳೆಯನಿಗೆ ತಮಾಷೆ ಮಾಡುವ ಆಟ. ಇವುಗಳಲ್ಲಿ ಎಷ್ಟನ್ನು ಇವತ್ತು ಕನ್ನಡದಲ್ಲಿ ಆಡುತ್ತೇವೆ? ನನ್ನ ಮೊಮ್ಮಗಳು ಕನ್ನಡದಲ್ಲಿ ಪ್ರಾರ್ಥನೆ ಹೇಳುತ್ತಾಳೆ, ಸಿಟ್ಟು ಬಂದರೆ ಮಲಯಾಳದಲ್ಲಿ ಬೈಯುತ್ತಾಳೆ. ಬೈಗುಳ ಹೋಯಿತು ಎಂದರೆ ಗಾಬರಿ ಪಡಬೇಕಾದದ್ದು ಎಂದು ನಾನು, ಮಗುವಿಗೆ ಬೈಯಲು ಕಲಿಸುತ್ತೀರಾ ಎಂದು ಮನೆಯಲ್ಲಿ ಎಲ್ಲರೂ. ಇದರಲ್ಲಿ ಮಲಯಾಳದ ತಪ್ಪು ಏನೂ ಇಲ್ಲ. ಅವಳು ಅದನ್ನು ಚೆಂದ ಮಾತಾಡುತ್ತಾಳೆ, ನನಗೆ ಹೊಟ್ಟೆಕಿಚ್ಚಾಗುವಷ್ಟು.

ಕೊನೆಗೆ ಅವನು ಎಂತ ಆದ?

1939ರಲ್ಲಿ ಪ್ರೊಫೆಸರ್ ಆದ. ಯುದ್ಧ ಬಂದಾಗ ಪಾಠ ಮಾಡುತ್ತ ಕೂರಲು ಮನಸ್ಸಾಗದೆ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವಾರ್ಡುಗಳಿಗೆ ಔಷಧಿ ಒಯ್ಯುವ ಕೆಲಸಕ್ಕೆ ಸೇರಿದ. ಔಷಧಿ ಕೊಟ್ಟು, ಇದನ್ನು ತಿನ್ನಬೇಡಿ ಎಂದು ರೋಗಿಗಳಿಗೆ ಹೇಳುತ್ತಿದ್ದನಂತೆ. 1947ರಲ್ಲಿ ಪ್ರೊಫೆಸರ್ ಕೆಲಸ ಬಿಟ್ಟ. ಕ್ಯಾನ್ಸರ್ ಆಯಿತು. ಡಾಕ್ಟರ ಮನೆಯಲ್ಲೇ ಇದ್ದುಕೊಂಡು ಬರೆಯುತ್ತಿದ್ದ, ಕೊನೆಯ ಟಿಪ್ಪಣಿಯ ತಾರೀಕು 1951ರ ಏಪ್ರಿಲ್ 27. ಎರಡು ದಿನ ಬಿಟ್ಟು, 62 ತುಂಬಿದ ಮೂರನೇ ದಿನ, ತೀರಿಕೊಂಡ. "ಚೆಂದದ ಬದುಕು ಬಾಳಿದೆ ಎಂದು ಅವರಿಗೆ ಹೇಳಿ" ಎಂದದ್ದು ಕೊನೆಯ ಮಾತು. ಇಷ್ಟು ದುಃಖ ಕಂಡವನು ಹೀಗೆ ಅಂದನಲ್ಲ ಎಂದು ಅವನ ಗೆಳೆಯರಿಗೇ ಆಶ್ಚರ್ಯ.

ಓದಲು ಎಲ್ಲಿಂದ ಶುರು ಮಾಡಲಿ?

ಎರಡನೇ ಪುಸ್ತಕದ ಮೊದಲ ಪುಟದಿಂದ. ಅಲ್ಲಿ ಒಬ್ಬ ಚೀಟಿ ಹಿಡಿದು ಅಂಗಡಿಗೆ ಹೋಗುತ್ತಾನೆ, ಚೀಟಿಯಲ್ಲಿ "ಐದು ಕೆಂಪು ಸೇಬು" ಎಂದು ಬರೆದಿರುತ್ತದೆ. ಅಂಗಡಿಯವನು ಸೇಬು ಎಂದು ಬರೆದ ಡ್ರಾಯರ್ ತೆಗೆಯುತ್ತಾನೆ, ಬಣ್ಣದ ಪಟ್ಟಿಯಲ್ಲಿ ಕೆಂಪು ಹುಡುಕುತ್ತಾನೆ, ಒಂದು, ಎರಡು ಎಂದು ಎಣಿಸುತ್ತ ಐದರ ತನಕ ಒಂದೊಂದೇ ಸೇಬು ತೆಗೆಯುತ್ತಾನೆ. ಸೇಬಿಗೆ ಡ್ರಾಯರ್ ಉಂಟು, ಕೆಂಪಿಗೆ ಬಣ್ಣದ ಪಟ್ಟಿ ಉಂಟು. "ಐದು" ಎಂಬುದು ಯಾವುದರ ಹೆಸರು? ಇದಕ್ಕೆ ಉತ್ತರ ಹೊಳೆದ ಮೇಲೆ ಎರಡನೇ ಪುಟಕ್ಕೆ ಹೋಗಿ. ಹೊಳೆಯದಿದ್ದರೆ ಭಾನುವಾರ ಸಂಜೆ ಐದಕ್ಕೆ ಜಗಲಿಗೆ ಬನ್ನಿ. ಮಳೆ ಬಂದರೆ ಒಳಗೆ ಕೂರುವ.